ಮೂರನೇ ಪಂಪು ಬಿಸಿಯಾಗಿದೆ

ಮೂರನೇ ಪಂಪು ತನಗೆ ಬಿಸಿಯಾಗಿದೆ ಎಂದು ಒಮ್ಮೆ ಹೇಳಿ ಸುಮ್ಮನಾಗಿದ್ದರೆ ಗುಮಾಸ್ತನ ಆ ದಿನ ಬೇರೆಯೇ ಆಗಿರುತ್ತಿತ್ತು. ಅದು ಸುಮ್ಮನಾಗಲಿಲ್ಲ. ಎಪ್ಪತ್ತೆರಡು ದಿನ, ಸೆಕೆಂಡಿಗೊಂದು ಸಾಲಿನಂತೆ, ಹಲ್ಲುನೋವು ಬಂದ ಚಿಕ್ಕಪ್ಪನ ಹಾಗೆ ಪಂಪ್‌ಹೌಸಿನ ಕಂಪ್ಯೂಟರಿಗೆ ಅದನ್ನೇ ಹೇಳಿತು. ನಿಜಕ್ಕೂ ಬಿಸಿಯೇನೂ ಆಗಿರಲಿಲ್ಲ. ಶಾಖ ಅಳೆಯುವ ತಂತಿ ಸಡಿಲವಾಗಿತ್ತು. ಮೆಕ್ಯಾನಿಕ್ ಬಂದು ಎರಡು ನಿಮಿಷದಲ್ಲಿ ತಂತಿ ಬಿಗಿಮಾಡಿ ಹೋದ. ಅರವತ್ತೆರಡು ಲಕ್ಷ ಸಾಲುಗಳು, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತದಲ್ಲಿ ಉಳಿದವು.

ಈ ಲಾಗಿಗೆ ಒಂದು ವಿಶೇಷವಿತ್ತು. ಅದನ್ನು ಕಟ್ಟಿದ ಹಳೆಯ ಎಂಜಿನಿಯರು ಯಂತ್ರಗಳ ದೂರು, ಮನುಷ್ಯರ ದೂರು ಎಂದು ಭೇದ ಮಾಡಿರಲಿಲ್ಲ. ವಾಲ್ವು ಸೋರಿದ್ದು, ಫ್ಯಾನು ನಿಂತದ್ದು, ಕುರ್ಚಿ ಮುರಿದದ್ದು, ನೌಕರರ ಅರ್ಜಿಗಳು, ಎಲ್ಲವೂ ತಾರೀಖು ಗಂಟೆ ಹೊತ್ತು ಒಂದರ ಹಿಂದೆ ಒಂದು ಅಲ್ಲಿ ನಿಲ್ಲುತ್ತಿದ್ದವು.

ಬೆಳಿಗ್ಗೆ ಹತ್ತಕ್ಕೆ ಸೂಪರ್‌ವೈಸರ್ ಗುಮಾಸ್ತನ ಮೇಜಿನ ಮುಂದೆ ಬಂದು ನಿಂತರು.

"ಏನ್ರೀ, ಡಿಸ್ಕು ಕುತ್ತಿಗೆವರೆಗೆ ತುಂಬಿದೆಯಂತೆ. ಸಂಜೆಗೆ ಕಂಪ್ಯೂಟರ್ ನಿಲ್ಲುತ್ತೆ. ಅದು ನಿಂತ್ರೆ ಪಂಪು ನಿಲ್ಲುತ್ತೆ. ಪಂಪು ನಿಂತ್ರೆ ಅರ್ಧ ಊರು ಸೋಪು ಹಚ್ಕೊಂಡು ನಿಂತಿರುತ್ತೆ."

"ಸಾರ್, ಇವತ್ತು ಐದೂವರೆ ರೈಲಿಗೆ ನಾನು..."

"ಗೊತ್ತು ಕಣ್ರೀ, ಸಮುದ್ರ. ಅರ್ಜಿ ಹಾಕಿದ್ದೀರಿ. ಕೇಳಿ, ಲಾಗಿನಲ್ಲಿ ಒಂದು ಮಾತು ಒಂದೇ ಸಲ ಇರ್ಬೇಕು. ಎರಡನೇ ಸಲ ಬಂದದ್ದನ್ನೆಲ್ಲ ಕಿತ್ತು ಹಾಕಿ. ನಾಲ್ಕು ಗಂಟೆಗೆ ರಜೆ ಅರ್ಜಿಗಳನ್ನ ತೆಗೀತೀನಿ. ಲಾಗು ಚೊಕ್ಕಟವಾಗಿದ್ರೆ ನಾಲ್ಕು ದಿನ ನಿಮ್ಮದು. ಇಲ್ದಿದ್ರೆ ಸಮುದ್ರ ಎಲ್ಲಿಗೂ ಓಡಿಹೋಗಲ್ಲ."

ಸಮುದ್ರ ಓಡಿಹೋಗುವುದಿಲ್ಲ ಎಂಬ ಮಾತನ್ನು ಗುಮಾಸ್ತ ಹೋದ ವರ್ಷವೂ ಕೇಳಿದ್ದ, ಅದರ ಹಿಂದಿನ ವರ್ಷವೂ ಕೇಳಿದ್ದ. ಮಗಳಿಗೆ ಆಗ ಐದು, ಈಗ ಏಳು. ಮರಳು ತುಂಬಲು ತಂದ ಬಕೆಟ್ಟಿನ ಹಿಡಿ ಮನೆಯಲ್ಲೇ ಆಡಿ ಆಡಿ ಕಿತ್ತುಹೋಗಿತ್ತು. ಈ ಸಲ ಹೋಗಿಯೇ ಹೋಗುವುದೆಂದು ಅವನು ತೋಳೇರಿಸಿದ.

ಮೊದಲು ಬುದ್ಧಿವಂತಿಕೆಯ ಕೆಲಸ ಮಾಡಿದ. ಟೈಪಿಸ್ಟ್ ಅಕ್ಕನ ಪೆನ್‌ಡ್ರೈವ್ ಬೇಡಿ ಪಡೆದು ಇಡೀ ಲಾಗಿನ ನಕಲು ಇಟ್ಟುಕೊಂಡ.

"ನಾಲ್ಕರೊಳಗೆ ವಾಪಸ್ ಕೊಡಪ್ಪ. ಖಾಲಿ ಮಾಡಿ ಕೊಡು. ನಿಮ್ಮ ಪಂಪಿನ ಜ್ವರ ನನ್ನ ಮನೆಗೆ ಬರೋದು ಬೇಡ," ಎಂದಳು ಅಕ್ಕ.

ಆಮೇಲೆ ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು 'ಯುನೀಕ್' ಎಂಬ ಆಜ್ಞೆ ಕೊಟ್ಟ. ಅಕ್ಕಪಕ್ಕದಲ್ಲಿರುವ ಒಂದೇ ಥರದ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸುವುದು ಅದರ ಕೆಲಸ. ಕಂಪ್ಯೂಟರು ಬಹಳ ಹೊತ್ತು ಯೋಚಿಸಿತು. ಎಣಿಸಿ ನೋಡಿದರೆ ಒಂದು ಸಾಲೂ ಕಡಿಮೆಯಾಗಿರಲಿಲ್ಲ.

"ಏನು ಗುಮಾಸ್ತರೇ, ಪೊರಕೆ ಹಿಡಿದ್ರಿ, ಕಸ ಹಾಗೇ ಇದೆ?" ವಾಲ್ವ್‌ಮನ್ ಕಿಟಕಿಯಿಂದ ತಲೆ ತೂರಿಸಿದ. ಅವನ ಕೆಲಸ ನೀರಿನ ವಾಲ್ವು ತಿರುಗಿಸುವುದು. ತಿರುಗಿಸಲು ವಾಲ್ವು ಇಲ್ಲದ ಹೊತ್ತಿನಲ್ಲಿ ತಲೆ ತೂರಿಸುವುದು.

"ಪ್ರತಿ ಸಾಲಿಗೂ ಬೇರೆ ಬೇರೆ ಗಂಟೆ ನಿಮಿಷ ಇದೆಯಪ್ಪ. ಅದಕ್ಕೆ ಎಲ್ಲಾ ಬೇರೆ ಬೇರೆ ಅಂದ್ಕೊಂಡಿದೆ."

"ಹಾಗಾದ್ರೆ ಗಂಟೆ ನಿಮಿಷ ಕತ್ತರಿಸಿ ಬಿಸಾಕಿ!"

ಗುಮಾಸ್ತ ಬೇರೆ ಕಡತವೊಂದರಲ್ಲಿ ಕತ್ತರಿಸಿದ. 'ಸಾರ್ಟ್' ಎಂದು ಹೇಳಿ ಎಲ್ಲವನ್ನೂ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ, ಮತ್ತೆ ಯುನೀಕ್ ಓಡಿಸಿದ. ಅರವತ್ತೆರಡು ಲಕ್ಷ ಕರಗಿ ಮುನ್ನೂರು ಚಿಲ್ಲರೆ ಆಯಿತು. ವಾಲ್ವ್‌ಮನ್ ಚಪ್ಪಾಳೆ ತಟ್ಟಿದ. ಆ ಸದ್ದಿಗೆ ಬಂದ ಸೂಪರ್‌ವೈಸರ್ ಪರದೆಗೆ ಮೂಗು ತಾಗಿಸಿ ಓದಿದರು.

"ಇದೇನ್ರೀ, ಒಂದಕ್ಕೂ ತಾರೀಖಿಲ್ಲ? ಕುರ್ಚಿ ಮುರಿದದ್ದು ಯಾವಾಗ? ನಾನು ಬರೋಕ್ಕೆ ಮುಂಚೆಯೋ, ಕೂತ ಮೇಲೋ? ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?"

ವಾಲ್ವ್‌ಮನ್ನಿನ ತಲೆ ಕಿಟಕಿಯಿಂದ ಮಾಯವಾಯಿತು.

ಒಂದು ಗಂಟೆಗೆ ಹೆಂಡತಿಯ ಫೋನು. "ಬಟ್ಟೆ ಎಲ್ಲಾ ತುಂಬಿದ್ದೀನಿ. ಇವಳು ಆಗ್ಲೇ ಟೋಪಿ ಹಾಕ್ಕೊಂಡು ಬಾಗಿಲಲ್ಲಿ ಕೂತಿದ್ದಾಳೆ. ನಿಜವಾಗ್ಲೂ ಬರ್ತೀರಾ ತಾನೆ?"

"ಬಂದೇ ಬರ್ತೀನಿ."

"ಸರಿ," ಎಂದಳು. ನಂಬುವುದಕ್ಕೂ ನಂಬದಿರುವುದಕ್ಕೂ ನಡುವಿನ ಆ ದನಿ ಗುಮಾಸ್ತನಿಗೆ ಚೆನ್ನಾಗಿ ಪರಿಚಯವಿತ್ತು. ಊಟದ ಡಬ್ಬಿಯನ್ನು ತೆರೆಯದೆ ಪಕ್ಕಕ್ಕೆ ಸರಿಸಿ ಕೂತ.

ಎರಡೂವರೆಗೆ ಅವನಿಗೆ ದಾರಿ ಸಿಕ್ಕಿತು. 'ಆಕ್' ಎಂಬ ಇನ್ನೊಂದು ಆಜ್ಞೆ. ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಾದದ್ದು.

"ಇದೇನೋ ಹೊಸದು?" ಎಂದಳು ಟೈಪಿಸ್ಟ್ ಅಕ್ಕ.

"ಬಾಗಿಲ ಕಾವಲುಗಾರ ಇದ್ದ ಹಾಗೆ ಅಕ್ಕ. ಯಾವಾಗ ಬಂದೆ ಅಂತ ಕೇಳಲ್ಲ, ಮುಖ ಮಾತ್ರ ನೋಡ್ತಾನೆ. ಮೊದಲು ಬಂದವನನ್ನ ಅವನ ತಾರೀಖಿನ ಸಮೇತ ಒಳಗೆ ಬಿಡ್ತಾನೆ. ಅದೇ ಮುಖ ಮತ್ತೆ ಬಂದ್ರೆ ಆಚೆ ಅಟ್ತಾನೆ."

"ಅವಳಿ ಮಕ್ಕಳು ಬಂದ್ರೆ?"

"ಒಬ್ಬನಿಗೆ ಪ್ರವೇಶ ಇಲ್ಲ."

"ಪಾಪ," ಎಂದು ಅಕ್ಕ ತನ್ನ ಕುರ್ಚಿಗೆ ಹೋದಳು.

ಗುಮಾಸ್ತ ಉತ್ಸಾಹದಲ್ಲಿ ಬರೆದ, ಫಲಿತಾಂಶವನ್ನು ಅದೇ ಕಡತಕ್ಕೇ ತುಂಬು ಎಂದು ಕೊನೆಗೆ ಸೇರಿಸಿದ, ಎಂಟರ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದದ್ದೇ ಅವನಿಗೆ ಅನುಮಾನ ತಂದಿತು. ಎಣಿಸಿದ. ಸೊನ್ನೆ ಸಾಲು. ತುಂಬಬೇಕಾದ ಪಾತ್ರೆಯನ್ನು ಮೊದಲು ತೊಳೆದಿಡುವುದು ಕಂಪ್ಯೂಟರಿನ ಪದ್ಧತಿ. ಪಾತ್ರೆಯಲ್ಲಿದ್ದದ್ದನ್ನೇ ಸೋಸಿ ಅದೇ ಪಾತ್ರೆಗೆ ಹಾಕು ಎಂದರೆ ಅದು ತೊಳೆದ ಮೇಲೆ ಸೋಸಲು ಹೋಗುತ್ತದೆ.

ಆಮೇಲೆ ಪೆನ್‌ಡ್ರೈವ್ ನೆನಪಾಗಿ ಗುಮಾಸ್ತ ಅದನ್ನು ಕಂಪ್ಯೂಟರಿಗೆ ಚುಚ್ಚಿದ. ನಕಲನ್ನು ತಂದ. ಈ ಸಲ ಬೇರೆ ಕಡತಕ್ಕೆ ಸೋಸಿದ. ಮುನ್ನೂರ ಹದಿನಾಲ್ಕು ಸಾಲು, ಪ್ರತಿಯೊಂದಕ್ಕೂ ತಾರೀಖು, ಎಲ್ಲವೂ ಬಂದ ಕ್ರಮದಲ್ಲಿ. ಮೂರನೇ ಪಂಪು ಒಂದೇ ಸಲ, ಮರ್ಯಾದಸ್ಥನಂತೆ, ತನಗೆ ಬಿಸಿಯಾಗಿದೆ ಎಂದಿತ್ತು.

ಹಳೆಯ ಕಡತ ಅಳಿಸಿದ. ಪೆನ್‌ಡ್ರೈವ್ ಖಾಲಿ ಮಾಡಿ ಅಕ್ಕನ ಕೈಗಿಟ್ಟ. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಚೀಲ ಹೆಗಲಿಗೇರಿಸಿಕೊಂಡೇ ಸೂಪರ್‌ವೈಸರ್ ಮುಂದೆ ನಿಂತ.

"ಭೇಷ್ ಕಣ್ರೀ!" ಸೂಪರ್‌ವೈಸರ್ ಪರದೆ ಸರಿಸುತ್ತ ಹೋದರು. "ಚೊಕ್ಕಟ ಅಂದ್ರೆ ಇದು. ಎಲ್ಲಿ, ನಿಮ್ಮ ಅರ್ಜಿ... ಇಲ್ಲಿದೆ. 'ನಾಲ್ಕು ದಿನ ರಜೆ, ಹೆಂಡತಿ ಮಗಳಿಗೆ ಸಮುದ್ರ ತೋರಿಸಲು.' ಆದ್ರೆ ಇದು ಎರಡು ವರ್ಷದ ಹಿಂದಿನದಲ್ರೀ?"

"ಇಲ್ಲ ಸಾರ್, ಹದಿನೈದು ದಿನದ ಹಿಂದೆ ಹಾಕಿದ್ದೀನಿ."

"ತಾರೀಖು ನೋಡಿ."

ಗುಮಾಸ್ತ ನೋಡಿದ. ಕೆಳಗೆ ಹುಡುಕಿದ. ಮೇಲೆ ಹುಡುಕಿದ. ಅವನ ಕಾವಲುಗಾರ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದ.

"ಮೂರು ವರ್ಷವೂ ಅದನ್ನೇ ಬರೆದ್ರಾ? ಒಂದಕ್ಷರ ಬದಲಾಯಿಸಬಾರ್ದಿತ್ತಾ?"

"ಕಾರಣ ಅದೇ ಇತ್ತಲ್ಲ ಸಾರ್."

"ಹಳೇ ಅರ್ಜಿಗೆ ಮಂಜೂರು ಕೊಡೋಕಾಗಲ್ಲ. ಹೊಸದು ಹಾಕಿದ್ರೆ ಒಂದು ವಾರ ಕಾಯ್ಬೇಕು, ನಿಯಮ. ಈ ಸಲದ್ದರ ನಕಲು ಎಲ್ಲಾದ್ರೂ ಇದೆಯಾ?"

ಗುಮಾಸ್ತ ಟೈಪಿಸ್ಟ್ ಅಕ್ಕನತ್ತ ನೋಡಿದ. ಅಕ್ಕ ಪೆನ್‌ಡ್ರೈವನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು.

"ವಾಲ್ವ್‌ಮನ್‌ದು ನೋಡಿ," ಸೂಪರ್‌ವೈಸರ್ ಮುಂದಿನ ಸಾಲಿಗೆ ಹೋಗಿದ್ದರು. "ಎರಡು ವರ್ಷದ ಹಿಂದೆ, ಭಾವನ ಬಲಗಾಲು ಮುರಿದಿದೆ. ಹೋದ ವರ್ಷ, ಭಾವನ ಎಡಗಾಲು. ಈ ಸಲ ಎರಡೂ. ಒಂದಾದ್ರೂ ಇನ್ನೊಂದರ ಹಾಗಿದೆಯಾ? ಎಲ್ಲಾ ಉಳಿದಿದೆ. ನಾಲ್ಕು ದಿನ, ಮಂಜೂರು."

ಕಿಟಕಿಯಲ್ಲಿ ತಲೆ ಕಾಣಿಸಿತು. "ಥ್ಯಾಂಕ್ಸ್ ಸಾರ್. ನನ್ನ ಪಾಳಿ ಯಾರು ನೋಡ್ಕೋತಾರೆ?"

ಎಲ್ಲರೂ ಗುಮಾಸ್ತನ ಕಡೆ ನೋಡಿದರು.

"ಬೇಜಾರು ಮಾಡ್ಕೋಬೇಡಿ ಗುಮಾಸ್ತರೇ," ವಾಲ್ವ್‌ಮನ್ ದನಿ ತಗ್ಗಿಸಿದ. "ಐದೂವರೆ ಟಿಕೆಟ್ ಸುಮ್ನೆ ಹಾಳಾಗೋದಾದ್ರೆ ಕೊಡಿ. ಭಾವನ ಮನೆ ಆ ಕಡೆಗೇ."

ಗುಮಾಸ್ತ ಹೊರಗೆ ಹೋಗಿ, ಮೂರನೇ ಪಂಪಿನ ಪಕ್ಕದ ಕಟ್ಟೆಯ ಮೇಲೆ ಕೂತ. ಪಂಪು ತಣ್ಣಗಿತ್ತು. ಬಹಳ ಹೊತ್ತು ಕೈಯಲ್ಲಿದ್ದ ಫೋನನ್ನೇ ನೋಡಿ, ಕೊನೆಗೆ ಮನೆಗೆ ಕರೆ ಮಾಡಿದ.

"ನೋಡು, ಇಲ್ಲಿ ಏನಾಯ್ತು ಅಂದ್ರೆ..."

"ಬೇಡ ಬಿಡಿ," ಎಂದಳು ಹೆಂಡತಿ. ದನಿಯಲ್ಲಿ ಕೋಪವೂ ಇರಲಿಲ್ಲ. "ಹೋದ ವರ್ಷ ಹೇಳಿದ್ದು ಇನ್ನೂ ನೆನಪಿದೆ. ಅದನ್ನೇ ಮತ್ತೆ ಯಾಕೆ ಹೇಳ್ತೀರಿ?"

ಫೋನು ಇಟ್ಟಳು.