ಮೂರು ತುಳಿತದ ಬ್ರೇಕ್

ಗುಮಾಸ್ತ ಕಾರು ಕೊಂಡು ಎರಡು ತಿಂಗಳಾಗಿದ್ದರೂ ಅವನ ಹೆಂಡತಿ ಇನ್ನೂ ಅದರಲ್ಲಿ ಕೂತಿರಲಿಲ್ಲ. ಅವನಿಗಿಂತ ಮುಂಚೆ ಮೂವರು ಓಡಿಸಿ, ಮೂವರೂ ಸಂತೋಷದಿಂದ ಕೈತೊಳೆದುಕೊಂಡ ಕಾರು ಅದು. ಮಾರಿದವನು ಇಂಜಿನ್ ಗಟ್ಟಿಯಿದೆ ಎಂದು ಹತ್ತು ಸಲ ಹೇಳಿದ್ದ. ಬ್ರೇಕಿನ ಬಗ್ಗೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ.

ಬ್ರೇಕ್ ಇರಲಿಲ್ಲವೆಂದಲ್ಲ. ಕೇಳಿದ ಕೂಡಲೇ ಕೆಲಸ ಮಾಡುವ ಅಭ್ಯಾಸ ಅದಕ್ಕಿರಲಿಲ್ಲ, ಅಷ್ಟೆ. ಒಂದು ಸಲ ತುಳಿದರೆ ಪೆಡಲ್ ಮೆತ್ತಗೆ ತಳ ಸೇರುತ್ತಿತ್ತು. ಎರಡನೇ ಸಲಕ್ಕೆ ಚಕ್ರಗಳು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದವು. ಮೂರನೇ ಸಲಕ್ಕೆ ಕಾರು ನಿಲ್ಲುವ ಮನಸ್ಸು ಮಾಡಿ ಎಡಕ್ಕೆ ಎಳೆಯುತ್ತಿತ್ತು. ಆಗ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಗುಮಾಸ್ತ ಇದನ್ನೆಲ್ಲ ಎಷ್ಟು ಶ್ರದ್ಧೆಯಿಂದ ಕಲಿತಿದ್ದನೆಂದರೆ, ತನ್ನ ಮನೆ ಮುಂದೆ ನಿಲ್ಲಬೇಕಾದರೆ ನಾಲ್ಕು ಮನೆ ಹಿಂದಿನ ದರ್ಜಿಯ ಅಂಗಡಿ ಬಂದಾಗಲೇ ಅವನ ಕಾಲು ತಾನಾಗಿ ಕೆಲಸ ಶುರು ಮಾಡುತ್ತಿತ್ತು. ಬೀದಿ ಇಳಿಜಾರು. ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ. ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಕಲ್ಲಿಟ್ಟುಕೊಂಡಿದ್ದ. ಕಾರು ನಿಂತ ಕೂಡಲೇ ಇಳಿದು ಓಡಿ ಅದನ್ನು ಚಕ್ರಕ್ಕೆ ಕೊಡುತ್ತಿದ್ದ.

"ನಮ್ಮಪ್ಪ ನೋಡಿ ಸರಿ ಅಂದ್ಮೇಲೆ ಕೂರ್ತೀನಿ," ಎಂದು ಹೆಂಡತಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. ಅವಳಪ್ಪ ಮೂವತ್ತು ವರ್ಷ ಬಸ್ಸು ಓಡಿಸಿ, ಅದಕ್ಕೆ ಒಂದು ಗೀರೂ ಆಗಗೊಡದೆ ನಿವೃತ್ತರಾದವರು. ಹೀಗಾಗಿ ಅವಳು ದಿನಾ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು, ಗುಮಾಸ್ತ ಖಾಲಿ ಕಾರಿನಲ್ಲಿ ಅದೇ ಬಸ್ಸಿನ ಹಿಂದೆ ಹೋಗುತ್ತಿದ್ದ. ಬಸ್ಸಿನ ಹಿಂದಿನ ಸೀಟಿನವರು ಅವನನ್ನು ನೋಡಿ ನಗುವಷ್ಟು ಪರಿಚಿತರಾಗಿದ್ದರು. ಅವನಿಗೆ ನಿಜವಾಗಿಯೂ ನೋವಾಗುತ್ತಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕೆಂದೇ ಅವನು ಕಾರು ಕೊಂಡಿದ್ದು.

ಆ ಮಾವ ಇವತ್ತು ಸಂಜೆ ನಾಲ್ಕರ ಬಸ್ಸಿಗೆ ಬರುವವರಿದ್ದರು.

ಬೆಳಿಗ್ಗೆ ಗುಮಾಸ್ತ ಕಾರಿನ ಮುಂದೆ ಕೈಕಟ್ಟಿ ನಿಂತದ್ದೇ ತಡ, ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಹೊರಗೆ ಬಂದರು. "ಪೆಡಲ್ ಮೆತ್ತಗಿದೆ ಅಂದ್ರೆ ಪೈಪಲ್ಲಿ ಗಾಳಿ ಸೇರಿದೆ ಅಂತ ಅರ್ಥ. ಬ್ರೇಕ್ ಆಯಿಲ್ ಎಲ್ಲೋ ಸೋರ್ತಾ ಇದೆ. ನೀವು ಇದನ್ನ ರಸ್ತೆಗೇ ಇಳಿಸಬಾರ್ದು," ಎಂದರು. ಮಾತು ನೂರಕ್ಕೆ ನೂರು ಸರಿಯಾಗಿತ್ತು. ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅದೆಲ್ಲ ದೊಡ್ಡ ಮಾತು ಬಿಡಿ," ಎಂದ ದರ್ಜಿ, ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು. "ನನ್ನ ಮಿಷಿನ್ ಕಿರುಗುಟ್ಟಿದ್ರೆ ಏನ್ ಮಾಡ್ತೀನಿ? ಎರಡು ತೊಟ್ಟು ಎಣ್ಣೆ ಬಿಡ್ತೀನಿ. ಬಾಯಿ ಮುಚ್ಕೊಂಡು ಹೊಲಿಯುತ್ತೆ."

"ಕಾರಿಗೂ ಬಿಡಬಹುದಾ?"

"ಅದೂ ಕಬ್ಬಿಣ, ಇದೂ ಕಬ್ಬಿಣ. ಏನ್ ವ್ಯತ್ಯಾಸ ಸ್ವಾಮಿ?"

ಮೇಷ್ಟ್ರು ಸ್ನಾನಕ್ಕೆ ಹೋದ ಸಮಯ ನೋಡಿ ದರ್ಜಿ ಉದ್ದ ಮೂಗಿನ ಎಣ್ಣೆ ಡಬ್ಬಿ ತಂದ. ನಾಲ್ಕು ಚಕ್ರಗಳ ಸಂದಿಗೂ ಎರಡೆರಡು ತೊಟ್ಟು ಬಿಟ್ಟ. ಆಮೇಲೆ, ಹೇಗೂ ಮಾವನವರು ಬರುತ್ತಿದ್ದಾರಲ್ಲ ಎಂದು ಡಬ್ಬಿಯನ್ನೇ ಬಗ್ಗಿಸಿದ.

ದರ್ಜಿಯ ಮಾತು ಸುಳ್ಳಾಗಲಿಲ್ಲ. ಬಸ್ಸಿನ ಹಿಂದೆ ಹೋಗುತ್ತಿದ್ದ ಗುಮಾಸ್ತ ಮೊದಲ ನಿಲ್ದಾಣದಲ್ಲಿ ಬ್ರೇಕ್ ತುಳಿದಾಗ ಒಂದಿಷ್ಟೂ ಸದ್ದಾಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲಕ್ಕೂ ಕಾರು ಬಾಯಿ ಬಿಡದೆ, ವೇಗವನ್ನೂ ಬಿಡದೆ, ಸರಾಗವಾಗಿ ಹೋಗಿ ಬಸ್ಸಿನ ಬೆನ್ನಿಗೆ ಹಣೆ ಹಚ್ಚಿ ನಿಂತಿತು. ಹಿಂದಿನ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ಅವಳು ಅವನನ್ನು ಒಂದು ಗಳಿಗೆ ನೋಡಿ, ಯಾರೋ ಗೊತ್ತಿಲ್ಲದವರೆಂಬಂತೆ ಮುಂದಕ್ಕೆ ತಿರುಗಿದಳು.

ಕಂಡಕ್ಟರ್ ಇಳಿದು ಬಂದ. "ಹತ್ತೋದಾದ್ರೆ ಮುಂದಿನ ಬಾಗಿಲಿಂದ ಹತ್ತಿ ಸಾರ್. ಹಿಂದಿಂದ ಜಾಗ ಇಲ್ಲ."

ನಾಲ್ಕು ಜನ ಸೇರಿ ಕಾರನ್ನು ದೊಡ್ಡ ಬಸ್ ನಿಲ್ದಾಣದ ಎದುರಿನ ಗ್ಯಾರೇಜಿಗೆ ತಳ್ಳಿದರು. ಗುಮಾಸ್ತ ಅಭ್ಯಾಸದಂತೆ ಕಲ್ಲು ತೆಗೆದು ಚಕ್ರಕ್ಕೆ ಕೊಟ್ಟ. ಮೆಕ್ಯಾನಿಕ್ ಒಂದು ಚಕ್ರ ಬಿಚ್ಚಿ, ಬೆರಳಿಗೆ ಅಂಟಿದ ಎಣ್ಣೆಯನ್ನು ಮೂಸಿ ನೋಡಿದ.

"ಯಾರು ಸಾರ್ ಇದಕ್ಕೆ ಎಣ್ಣೆ ಬಿಟ್ಟಿದ್ದು?"

"ಗೊತ್ತಿರೋರೊಬ್ರು."

"ಏನು ಗೊತ್ತಿತ್ತು ಅವರಿಗೆ?"

"ಹೊಲಿಗೆ," ಎಂದ ಗುಮಾಸ್ತ.

ಮೆಕ್ಯಾನಿಕ್ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಉಳಿದ ಚಕ್ರಗಳನ್ನೂ ಬಿಚ್ಚಿದ. ಆಮೇಲೆ ಒಂದೊಂದಾಗಿ ಹೇಳುತ್ತ ಹೋದ. ಪ್ಯಾಡ್ ಸವೆದು ತಗಡಾಗಿದೆ, ಕಿರುಚುತ್ತಿದ್ದದ್ದು ಅದಕ್ಕೆ. ಪೈಪು ಸೋರಿ ಗಾಳಿ ಸೇರಿದೆ, ಪೆಡಲ್ ಮೆತ್ತಗಿದ್ದದ್ದು ಅದಕ್ಕೆ. ಬಲಗಡೆಯ ಬ್ರೇಕ್ ತುಕ್ಕು ಹಿಡಿದು ಕೂತಿದೆ, ಎಡಗಡೆಯದೊಂದೇ ದುಡಿಯುತ್ತಿದೆ. ಹ್ಯಾಂಡ್ ಬ್ರೇಕಿನ ಕೇಬಲ್ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿದೆ. "ಇಷ್ಟು ದಿನ ಹೇಗೆ ನಿಲ್ಲಿಸ್ತಿದ್ರಿ ಸಾರ್?" ಎಂದು ಕೇಳಿದ. ಗುಮಾಸ್ತ ತನ್ನ ಮೂರು ತುಳಿತದ ವಿದ್ಯೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದ.

ಅವನು ರಜೆ ಹಾಕಿ ಇಡೀ ದಿನ ಹಳೇ ಟೈರಿನ ಮೇಲೆ ಕೂತ. ಮೆಕ್ಯಾನಿಕ್ ಕೆಲಸಗಾರ. ಎಣ್ಣೆ ತೊಳೆದು, ಸೋರುವ ಪೈಪು ಬದಲಾಯಿಸಿ, ಹೊಸ ಪ್ಯಾಡ್ ಹಾಕಿ, ಗಾಳಿ ತೆಗೆದು, ತುಕ್ಕು ಬಿಡಿಸಿ, ಕೇಬಲ್ ಬಿಗಿದು ಮುಗಿಸುವಾಗ ಸರಿಯಾಗಿ ನಾಲ್ಕು ಗಂಟೆ. ಎದುರಿನ ನಿಲ್ದಾಣದಲ್ಲಿ ಮಾವ ಕಿತ್ತಳೆಹಣ್ಣಿನ ಚೀಲ ಹಿಡಿದು ಬಸ್ಸಿಳಿಯುತ್ತಿದ್ದರು.

"ಈಗ ಮುಟ್ಟಿದ್ರೆ ಸಾಕು, ನಿಲ್ಲುತ್ತೆ. ತುಳೀಬೇಡಿ ಸಾರ್," ಎಂದ ಮೆಕ್ಯಾನಿಕ್.

"ಹೂಂ ಹೂಂ," ಎಂದ ಗುಮಾಸ್ತ. ಅವನ ಕಣ್ಣು ಕಿವಿ ಎರಡೂ ರಸ್ತೆಯಾಚೆ ಮಾವನ ಮೇಲಿದ್ದವು.

ಮಾವ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. "ನಡೀರಿ ಅಳಿಯಂದ್ರೇ, ನೋಡೋಣ." ದಾರಿಯೆಲ್ಲ ಏರು, ರಸ್ತೆಯೂ ಖಾಲಿ; ಬ್ರೇಕಿಗೆ ಕೆಲಸವೇ ಬೀಳಲಿಲ್ಲ. ಮಾವ ಏನೂ ಹೇಳದೆ ಕೂತಿದ್ದರು. ಅವರು ಏನೂ ಹೇಳದಿರುವುದೇ ದೊಡ್ಡ ಹೊಗಳಿಕೆ ಎಂದು ಹೆಂಡತಿ ಹೇಳಿದ್ದು ನೆನಪಾಗಿ ಗುಮಾಸ್ತನ ಎದೆ ಉಬ್ಬಿತು. ಹಿಂದೆ ಯಾರೋ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು. ಹೊಟ್ಟೆಕಿಚ್ಚಿನವರಿರಬೇಕು ಎಂದುಕೊಂಡ.

ಕಾರು ತನ್ನ ಬೀದಿಗೆ ಹೊರಳಿ ಇಳಿಜಾರು ಹಿಡಿಯಿತು. ಕೆಳಗೆ ಮನೆಯ ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. ದರ್ಜಿಯ ಅಂಗಡಿ ಬಂತು. ಗುಮಾಸ್ತನ ಕಾಲು, ಯಾರನ್ನೂ ಕೇಳದೆ, ಎರಡು ತಿಂಗಳ ನಿಯತ್ತಿನಿಂದ ಬ್ರೇಕನ್ನು ತಳ ಮುಟ್ಟುವ ಹಾಗೆ ತುಳಿಯಿತು.

ಮೊದಲ ತುಳಿತಕ್ಕೇ ಕಾರು ಇದ್ದಲ್ಲೇ ನಿಂತಿತು. ಎರಡನೆಯದೂ ಮೂರನೆಯದೂ ನಿಂತ ಕಾರಿಗೇ ಬಿದ್ದವು. ನಿಲ್ಲುವಷ್ಟರಲ್ಲಿ ಕೈಯೂ ತನ್ನ ಪಾಲಿನ ಕರ್ತವ್ಯ ಮಾಡಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ್ದರಿಂದ ಕಾರು ಬೀದಿಗೆ ಓರೆಯಾಗಿತ್ತು. ಮಾವನ ಕನ್ನಡಕ ಮುಂದಿನ ಗಾಜಿಗೆ ಬಡಿಯಿತು. ಕಿತ್ತಳೆಗಳು ಕಿಟಕಿಯಿಂದ ಹಾರಿ ಇಳಿಜಾರಿನಲ್ಲಿ ಉರುಳಿಕೊಂಡು ಅವರಿಗಿಂತ ಮುಂಚೆ ಮನೆ ತಲುಪಿದವು.

ಆಮೇಲೆ ಹಿಂದಿನಿಂದ ಧಡ್ ಎಂದಿತು.

ಡಿಕ್ಕಿಯನ್ನು ನಜ್ಜುಗುಜ್ಜು ಮಾಡಿದ ವ್ಯಾನಿನಿಂದ ಇಳಿದವನು ಮೆಕ್ಯಾನಿಕ್. ಕೈಯಲ್ಲಿ ಗುಮಾಸ್ತನ ಕಲ್ಲು. "ಅಲ್ಲೇ ಮರೆತು ಬಂದ್ರಲ್ಲ ಸಾರ್. ಎಷ್ಟು ಹಾರ್ನ್ ಹೊಡೆದ್ರೂ ನಿಲ್ಲಿಸ್ಲಿಲ್ಲ."

"ನೀನು ಬ್ರೇಕ್ ಹಾಕ್ಬಾರ್ದಿತ್ತೇನಯ್ಯಾ?" ಎಂದು ಸದ್ದು ಕೇಳಿ ಓಡಿಬಂದ ಮೇಷ್ಟ್ರು ಗದರಿದರು.

"ಇದ್ದಿದ್ರೆ ಹಾಕ್ತಿದ್ದೆ ಸಾರ್. ಊರವರ ಬ್ರೇಕ್ ನೋಡೋದ್ರಲ್ಲೇ ದಿನ ಹೋಗುತ್ತೆ, ನಮ್ಮದು ನೋಡೋಕೆ ಪುರುಸೊತ್ತೆಲ್ಲಿ?"

"ಎರಡು ತೊಟ್ಟು ಎಣ್ಣೆ..." ಎಂದು ಶುರು ಮಾಡಿದ ದರ್ಜಿ, ಮೆಕ್ಯಾನಿಕ್ ತಿರುಗಿ ನೋಡಿದ್ದೇ ತಡ ಅಂಗಡಿಯೊಳಗೆ ಹೋದ.

ಮಾವ ಇಳಿದು, ಕನ್ನಡಕ ಒರೆಸಿಕೊಂಡು, ಕಾರನ್ನು ಒಂದು ಸುತ್ತು ಹಾಕಿ ನೋಡಿದರು. "ಸ್ವಲ್ಪ ಇಳೀರಿ," ಎಂದು ಗುಮಾಸ್ತನನ್ನು ಇಳಿಸಿ ತಾವೇ ಕೂತರು. ಕಾರನ್ನು ನೇರ ಮಾಡಿ, ಇಳಿಜಾರಿನಲ್ಲಿ ಬಿಟ್ಟು, ಮಗಳ ಮುಂದೆ ಒಂದು ಕುಲುಕೂ ಇಲ್ಲದೆ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದರು. ಕಾರು ಅಲುಗಲಿಲ್ಲ.

"ಹಿಂದಿನ ತಗಡು ಬಡಿಸಿದ್ರಾಯ್ತು. ಬ್ರೇಕ್ ಅಂದ್ರೆ ಹಿಂಗಿರ್ಬೇಕು ನೋಡಮ್ಮ," ಎಂದರು. "ಧೈರ್ಯವಾಗಿ ಕೂತ್ಕೋ. ಕಾರು ಸರಿಯಿದೆ."

ಹಿಂದೆ ಓಡಿಬಂದ ಗುಮಾಸ್ತನಿಗೆ ಸಂತೋಷದಿಂದ ಕಣ್ಣು ತುಂಬಿತು. ಎರಡು ತಿಂಗಳಿನಿಂದ ಅವನು ಕಾದದ್ದು ಆ ಎರಡೇ ಮಾತಿಗೆ.

"ಕೆಟ್ಟಿರೋದು ಅಳಿಯಂದ್ರ ಕಾಲು," ಎಂದು ಮಾವ ಮುಂದುವರಿಸಿದರು. "ಪೂರ್ತಿ ಕೆಟ್ಟಿದೆ. ಅದಕ್ಕೆ ಯಾವ ಗ್ಯಾರೇಜಲ್ಲೂ ಸ್ಪೇರ್ ಪಾರ್ಟ್ ಸಿಗಲ್ಲ." ಕೀಲಿಕೈಯನ್ನು ಮಗಳ ಅಂಗೈಯಲ್ಲಿಟ್ಟರು. "ನಾಳೆ ಬೆಳಿಗ್ಗೆಯಿಂದ ನಿನಗೆ ಓಡಿಸೋದು ಹೇಳಿಕೊಡ್ತೀನಿ. ಹೇಗೂ ಒಂದು ತಿಂಗಳು ಇರೋಣ ಅಂತ್ಲೇ ಬಂದಿದೀನಿ."

"ಮತ್ತೆ ಇವರು?"

"ಬಸ್ಸಿದೆಯಲ್ಲ."

ಗುಮಾಸ್ತ, ಮೆಕ್ಯಾನಿಕ್ ಕೈಗಿತ್ತಿದ್ದ ಕಲ್ಲನ್ನು ಬಗ್ಗಿ ಚಕ್ರಕ್ಕೆ ಕೊಟ್ಟ. ಹೆಂಡತಿಗೆ ಅವನನ್ನು ನೋಡಿ ಪಾಪ ಎನಿಸಿತು. ಕೆಳಗಿಳಿದು ಬಂದು, ಅವನ ಅಂಗಿಗೆ ಹತ್ತಿದ್ದ ಮಸಿಯನ್ನು ಸೆರಗಿನಿಂದ ಒರೆಸಿದಳು.

"ಬೇಜಾರ್ ಮಾಡ್ಕೋಬೇಡಿ," ಎಂದಳು. "ದಿನಾ ನಿಮ್ಮ ಬಸ್ಸಿನ ಹಿಂದೇನೇ ಬರ್ತೀನಿ."