ಜೈರೋ ನುಂಗಿದ ಮೇಜರ್ ಸಾಹೇಬರಿಗೆ

ಓಲ್ಡಮ್, ಶುಕ್ರವಾರ, 1984

ಮಾನ್ಯ ಮೇಜರ್ ಅವರೇ,

ಶ್ರೀಮತಿ ಎಂಟ್ವಿಸಲ್ ಅವರ ಮನೆಯ ಕಾಲೊರಸಿನ ಮೇಲೆ ಸದಾ ವಿರಾಜಮಾನರಾಗಿರುವ ನಾಯಿಯವರಾದ ತಮಗೆ, ಅದೇ ಮನೆಯ ಮಹಡಿ ಕೋಣೆಯ ಬಾಡಿಗೆದಾರ, ನೂಲಿನ ಗಿರಣಿ ಮುಚ್ಚಿದಂದಿನಿಂದ ಕೆಲಸವಿಲ್ಲದ ವಿಲ್ಫ್ ಹೆಬ್ಡನ್ ಮಾಡುವ ನಮಸ್ಕಾರಗಳು. ತಮ್ಮ ಹೊಟ್ಟೆ ನೆಟ್ಟಗಿದೆಯೆಂದು ನಂಬಿದ್ದೇನೆ. ಕೆಟ್ಟಿದ್ದರೆ ಇನ್ನೂ ಸಂತೋಷ.

ಜೈರೋ ಎಂದರೆ, ಬ್ಯಾಂಕಿನವರ ಪ್ರಕಾರ, ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ದಾಟಿಸುವ ಏರ್ಪಾಡು. ನಮ್ಮ ಬೀದಿಯಲ್ಲಿ ಅದು ಕೆಲಸವಿಲ್ಲದವರಿಗೆ ಸರ್ಕಾರ ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ಕಳಿಸುವ ಭತ್ಯೆಯ ಚೆಕ್ಕು. ಅದು ಬರುವ ಬೆಳಿಗ್ಗೆ ಅರ್ಧ ಬೀದಿ ಬರೀ ಕಾಲುಚೀಲದಲ್ಲಿ ಬಾಗಿಲ ಹಿಂದೆ ನಿಂತಿರುತ್ತದೆ. ನಾನೂ ತಮ್ಮನ್ನು ಪಕ್ಕಕ್ಕೆ ಸರಿಸಿ ನಿಲ್ಲುವವನೇ. ನಿನ್ನೆ ಟೀ ನೀರು ಉಕ್ಕಿತೆಂದು ಒಂದೇ ನಿಮಿಷ ಒಳಗೆ ಹೋದೆ, ಅಷ್ಟರಲ್ಲಿ ಬಾಗಿಲ ಅಂಚೆ ಸೀಳಿನಿಂದ ಕಾಲೊರಸಿನ ಮೇಲೆ ಬಿದ್ದ ಚೆಕ್ಕನ್ನು ತಾವು ಸರ್ಕಾರದ ಖಾತೆಯಿಂದ ನೇರ ತಮ್ಮ ಹೊಟ್ಟೆಗೆ ದಾಟಿಸಿಬಿಟ್ಟಿದ್ದಿರಿ. ಇಷ್ಟು ಚುರುಕಾದ ಬ್ಯಾಂಕನ್ನು ನಾನು ಕಂಡಿಲ್ಲ.

ಉಳಿದ ಒದ್ದೆ ಮೂಲೆಯನ್ನು ಹಿಡಿದು ಭತ್ಯೆ ಕಚೇರಿಗೆ ಓಡಿದೆ. ಕಿಟಕಿಯ ಹಿಂದಿದ್ದ ಹೆಣ್ಣುಮಗಳು, "ಕಳೆದುಹೋಗಿದೆ ಅಂತ ಬರೆದುಕೊಡಿ, ಬೇರೆ ಕೊಡ್ತೀವಿ. ಈಗ ಎಲ್ಲಿದೆ ಅಂತೇನಾದ್ರೂ ಗೊತ್ತಾ?" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾನು, "ನಾಯಿ ಹೊಟ್ಟೇಲಿದೆ" ಎಂದೆ. "ಎಲ್ಲಿದೆ ಅಂತ ಗೊತ್ತಿದ್ರೆ ಕಳೆದುಹೋದ ಹಾಗಾಗಲ್ಲ ಸಾರ್" ಎಂದು ಫಾರಂ ವಾಪಸ್ ಎಳೆದುಕೊಂಡಳು.

ಇತ್ತ ತಮ್ಮ ಯಜಮಾನಿಯವರು, "ನಾಳೆ ಬಾಡಿಗೆ ಕೊಡು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು" ಎನ್ನುತ್ತಾರೆ. ಬಾಡಿಗೆ ಮೇಜರ್ ಹೊಟ್ಟೆಯಲ್ಲಿದೆ ಎಂದರೆ, "ಪಾಪ, ಅವನು ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟಲ್ಲ" ಎಂದು ತಮ್ಮ ತಲೆ ಸವರುತ್ತಾರೆ. ನನಗೆ ಅಳು ಬರುವುದೊಂದು ಬಾಕಿ.

ಆದ್ದರಿಂದ ಕೋರಿಕೆ ಇಷ್ಟೇ: ಭತ್ಯೆ ಉಂಡವರು ತಾವಾದ್ದರಿಂದ, ಮುಂದಿನ ಮಂಗಳವಾರ ಕಚೇರಿಯ ಸಾಲಿನಲ್ಲಿ ತಾವೇ ನಿಂತು, ಎಲ್ಲೆಡೆ ಕೆಲಸ ಹುಡುಕಿದರೂ ಸಿಗಲಿಲ್ಲವೆಂದು ಪಂಜ ಒತ್ತಿ ಬರಬೇಕು. ಅದಾಗದಿದ್ದರೆ ಮನೆ ಖಾಲಿ ಮಾಡುವವರೂ ತಾವೇ ಆಗಬೇಕು. ಕಾಲೊರಸಿನ ಮೇಲೆ ಮಲಗಲು ನನ್ನ ಅಭ್ಯಂತರವಿಲ್ಲ.

ತಮ್ಮ ಹಸಿದ ವಿಶ್ವಾಸಿ,
ವಿಲ್ಫ್ ಹೆಬ್ಡನ್

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಸುದ್ದಿ ಬಂತು. ತಮ್ಮ ಹಲ್ಲಿಗೆ ಹೆದರಿ ನಮ್ಮ ಬೀದಿಯ ಅಂಚೆಯಣ್ಣ ಕೆಲಸ ಬಿಟ್ಟರಂತೆ. ಎರಡು ವರ್ಷದಿಂದ ನನಗೆ ಕೆಲಸ ಹುಡುಕುತ್ತಿದ್ದ ಕಚೇರಿಯವರು ಆ ಜಾಗಕ್ಕೆ ನನ್ನನ್ನೇ ಹಾಕಿದ್ದಾರೆ. ಸೋಮವಾರದಿಂದ ಬಾಗಿಲ ಆಚೆ ಬದಿಯಲ್ಲಿ ನಾನಿರುತ್ತೇನೆ. ಕಚ್ಚುವುದಿದ್ದರೆ ದಯಮಾಡಿ ಮೊದಲ ಸಂಬಳ ಬಂದ ಮೇಲೆ ಕಚ್ಚಿ. ತಮ್ಮ ಯಜಮಾನಿ ಬಾಡಿಗೆಗಾಗಿ ಅಲ್ಲಿಯವರೆಗೆ ಮಾತ್ರ ಕಾಯಲು ಒಪ್ಪಿದ್ದಾರೆ.