ಹಾರುವ ವೀರನಿಗೊಂದು ವಿಮರ್ಶೆ

ಪತ್ರಿಕೆಗೂ ಕಾಮಿಕ್ಸಿಗೂ ಆಗಿಬರುವುದಿಲ್ಲವೆಂಬುದು ಒಂದೇ ಸಲಕ್ಕೆ ನನಗೆ ತಿಳಿಯಬೇಕಿತ್ತು. ನಾಲ್ಕು ಊರಿನಲ್ಲಿ ನಾಲ್ಕು ಸಲ ತಿಳಿಯಿತು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ನಡುವಿನವರೆಗೆ ನಾನು ಗ್ರಂಥಪಾಲಕನಾಗಿ ಊರೂರು ವರ್ಗವಾಗುತ್ತಿದ್ದೆ. ಮುಸುಕು ಹಾಕಿ, ಆಕಾಶದಲ್ಲಿ ಹಾರಿ, ದುಷ್ಟರನ್ನು ಬಡಿಯುವ ವೀರರ ಕಾಮಿಕ್ಸನ್ನು ಗ್ರಂಥಾಲಯಕ್ಕೆ ತರಿಸಲೇಬೇಕೆಂಬುದು ನನ್ನ ಹಟ. ಮೇಲಿನ ಸಾಹೇಬರದು ಒಂದೇ ಮಾತು: "ಪೇಪರಿನಾಗೆ ವಿಮರ್ಶೆ ಬಂದಿದ್ರೆ ತೋರಿಸ್ರಿ, ಸಹಿ ಹಾಕ್ತೀನಿ."

ಚನ್ನಗಿರಿ

ವಿಮರ್ಶೆಗೆ ಪತ್ರಿಕೆಗೆ ಎರಡು ಪ್ರತಿ ಕಳಿಸುವುದು ಪದ್ಧತಿ. ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ 'ಸಾದರ ಸ್ವೀಕಾರ'ದಲ್ಲಿ ಹೆಸರು ಬಂತು. ಬಂದ ಪುಸ್ತಕಗಳ ಹೆಸರಷ್ಟೇ ಅಚ್ಚು ಹಾಕಿ ಕೈತೊಳೆದುಕೊಳ್ಳುವ ಅಂಕಣ ಅದು. ರಕ್ಷಾಪುಟದ ಮೈಕಟ್ಟು ನೋಡಿ ಯಾರೋ ಅದನ್ನು 'ವ್ಯಾಯಾಮ'ದ ಕೆಳಗೆ ಸೇರಿಸಿದ್ದರು.

"ಇದು ಸ್ವೀಕಾರ ರೀ, ವಿಮರ್ಶೆ ಅಲ್ಲ," ಎಂದರು ಸಾಹೇಬರು.

ಮರುದಿನ ಗರಡಿಮನೆಯ ಉಸ್ತಾದರು ಪತ್ರಿಕೆ ಹಿಡಿದು ಆ ಪುಸ್ತಕ ಕೇಳಿಕೊಂಡು ಬಂದರು. ನನ್ನ ಸ್ವಂತ ಪ್ರತಿ ಕೊಟ್ಟೆ. ಸಂಜೆಯೇ ತಂದು ಮೇಜಿನ ಮೇಲಿಟ್ಟರು.

"ಮೈ ಏನೋ ಚೆನ್ನಾಗಿ ಬೆಳೆಸ್ಯಾನೆ. ಆದ್ರೆ ಪ್ಯಾಂಟಿನ ಮ್ಯಾಲೆ ಲಂಗೋಟಿ ಕಟ್ಟಾಕೆ ಯಾವ ಗುರು ಹೇಳಿಕೊಟ್ಟಾನೆ ರೀ ಇವನಿಗೆ?"

ಹೊನ್ನಾಳಿ

ಅಲ್ಲಿಗೆ ವರ್ಗವಾದ ಮೇಲೆ ಮತ್ತೆರಡು ಪ್ರತಿ ಕಳಿಸಿ, ಕಾದು, ಕೊನೆಗೆ ಪತ್ರಿಕೆಯ ವಿಮರ್ಶಕರ ಮನೆಗೇ ಹೋದೆ. ನಿವೃತ್ತ ಕನ್ನಡ ಪಂಡಿತರು. ಮಜ್ಜಿಗೆ ಕೊಟ್ಟು ಕೂರಿಸಿದರು.

"ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ ರೀ. ಒಂದು ನಮ್ಮ ಮನೆಯವರ ಹತ್ರ ಐತೆ, ಇನ್ನೊಂದು ನಮ್ಮತ್ತೆಯವರ ಹತ್ರ."

"ಇನ್ನೂ ಓದಿ ಮುಗಿಸಿಲ್ವೇ?"

"ಯಾವಾಗಲೋ ಮುಗಿಸ್ಯಾರೆ. ಅವನು ಮುಸುಕು ತೆಗೆದು ಆ ಹೆಣ್ಣಿಗೆ ಮುಖ ತೋರಿಸಬೇಕು ಅಂತ ಇವಳು, ತೋರಿಸಬಾರದು ಅಂತ ಅತ್ತೆ. ಮೂರು ದಿನದಿಂದ ನನಗೆ ಬಿಸಿ ಊಟ ಇಲ್ಲ."

"ಹಾಗಾದರೆ ವಿಮರ್ಶೆ?"

ಪಂಡಿತರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಬರೀತೀನಿ. ನನ್ನ ಅಭಿಪ್ರಾಯ ಏನು ಅಂತ ಮೊದಲು ಅವರಿಬ್ಬರೂ ತೀರ್ಮಾನ ಮಾಡ್ಲಿ."

ನ್ಯಾಮತಿ

ತೀರ್ಮಾನ ಆಗಲಿಲ್ಲ. ವಿಮರ್ಶೆಯನ್ನು ನಾನೇ ಬರೆದೆ. ಆಕಾಶದಿಂದ ಇಳಿದ ಮುಸುಕುಧಾರಿ ಪ್ರಯಾಣಿಕರ ಸಮೇತ ಬಸ್ಸನ್ನು ಒಂಟಿ ಕೈಯಲ್ಲಿ ಎತ್ತಿದ ದೃಶ್ಯದಿಂದ ಆರಂಭ. ಕುತೂಹಲ ಉಳಿಯಲೆಂದು ಪುಸ್ತಕದ ಹೆಸರು ಕೊನೆಯ ಸಾಲಿನಲ್ಲಿ. ಮೇಲೆ ನನ್ನ ಊರಿನ ಹೆಸರು ಬರೆದಿದ್ದೆ. ಊರಿನ ಹೆಸರಿದ್ದ ಬರಹವೆಲ್ಲ ಜಿಲ್ಲಾ ಸುದ್ದಿಯ ಪುಟಕ್ಕೆ ಹೋಗುತ್ತದೆಂದೂ, ಜಾಗ ಸಾಲದಿದ್ದರೆ ಬಾಲದಿಂದ ಕತ್ತರಿಸುತ್ತಾರೆಂದೂ ನನಗೆ ಗೊತ್ತಿರಲಿಲ್ಲ. "ನ್ಯಾಮತಿ: ಬಸ್ಸನ್ನು ಎತ್ತಿದ ಮುಸುಕುಧಾರಿ" ಎಂದು ಅಚ್ಚಾಯಿತು.

ಅಂದು ಹತ್ತು ಗಂಟೆಗೆ ಬಸ್ ಏಜೆಂಟರು ಗ್ರಂಥಾಲಯಕ್ಕೆ ಬಂದರು. ಕೋಪವೇನೂ ಇರಲಿಲ್ಲ.

"ಎತ್ತಿದ್ದು ಎತ್ತಿದ, ಬಿಡ್ರಿ. ಇಳಿಸಿದ್ದು ಎಲ್ಲಿ ಅಂತ ಹೇಳ್ರಿ. ಸವಳಂಗದ ಬಸ್ಸು ಇನ್ನೂ ಬಂದಿಲ್ಲ."

ಜಗಳೂರು

ಇಲ್ಲಿ ಸಾಹೇಬರು ಬೇರೆ, ನಿಯಮ ಅದೇ. ಪಂಡಿತರ ಜಾಗಕ್ಕೂ ಬೇರೊಬ್ಬರು ಬಂದಿದ್ದರು. ಮತ್ತೆರಡು ಪ್ರತಿ ಕಳಿಸಿದೆ. ಒಂದು ಭಾನುವಾರ ಪುಸ್ತಕದ ಪುಟದಲ್ಲೇ ವಿಮರ್ಶೆ ಬಂತು, ಎಂಟು ಸಾಲು. ನಾಯಕನ ಕುಲಗೋತ್ರ ತಿಳಿಸಿಲ್ಲ. ಋತುವರ್ಣನೆ ಇಲ್ಲ. ಮಾತುಗಳೆಲ್ಲ ಮೋಡದೊಳಗಿವೆ. ಎಳೆಯರ ಕೈಗೆ ಇಂಥವು ಸಿಗದಂತೆ ಹಿರಿಯರು ಎಚ್ಚರ ವಹಿಸತಕ್ಕದ್ದು.

ಕತ್ತರಿಸಿ ಒಯ್ದೆ. ಸಾಹೇಬರು ಓದಿ, "ಬೈದಾರಲ್ರೀ," ಎಂದರು.

"ವಿಮರ್ಶೆ ಬರಬೇಕು ಅಂತ ನಿಯಮ ಐತೆ ಸರ್. ಹೊಗಳಬೇಕು ಅಂತ ಇಲ್ಲ."

ಸಾಹೇಬರು ನಿಯಮದ ಪುಸ್ತಕ ತಿರುವಿ ಹಾಕಿ, ಬೇರೆ ದಾರಿ ಕಾಣದೆ ಸಹಿ ಮಾಡಿದರು. ಆದರೆ ಪತ್ರಿಕೆಯ ಮಾತಿಗೂ ಬೆಲೆ ಕೊಡಬೇಕಲ್ಲ. ಕಾಮಿಕ್ಸನ್ನು ಹಿರಿಯರು ಪತ್ರಿಕೆ ಓದುವ ಕೋಣೆಯಲ್ಲೇ ಇಡಬೇಕೆಂದು ಷರತ್ತು ಬರೆದರು.

ಆ ಕೋಣೆಯಲ್ಲಿ ಅದುವರೆಗೆ ಪತ್ರಿಕೆಯ ಒಂದೊಂದು ಹಾಳೆಗೂ ನಾಲ್ವರು ಹಿರಿಯರು ಕಿತ್ತಾಡುತ್ತಿದ್ದರು. ತಿಂಗಳು ಕಳೆದು ಸಾಹೇಬರು ತಪಾಸಣೆಗೆ ಬಂದಾಗ ಪತ್ರಿಕೆಗಳು ಮಡಿಕೆ ಬಿಚ್ಚದೆ ಬಿದ್ದಿದ್ದವು. ಹಿರಿಯರೆಲ್ಲ ತಲೆ ತಗ್ಗಿಸಿ ಕೂತಿದ್ದರು.

"ಯಾಕ್ರೀ ಯಜಮಾನರೇ, ಪೇಪರ್ ಓದಲ್ವಾ?"

ನಿವೃತ್ತ ಶಿರಸ್ತೇದಾರರೊಬ್ಬರು ತಲೆ ಎತ್ತದೆ ಕಾಮಿಕ್ಸಿನ ಪುಟ ತಿರುಗಿಸಿದರು.

"ಎಚ್ಚರ ವಹಿಸ್ತಾ ಇದೀವಿ ರೀ. ಪೇಪರಿನವರೇ ಹೇಳ್ಯಾರೆ."